ಸುಯುನ್ ನದಿಯಾಚೆ ನೋಡಿದ ಸಿನಿಮಾ

ವುಹಾನ್‌ನ ಥರ್ಮಾಸ್ ಫ್ಲಾಸ್ಕ್ ಕಂಪನಿಯೊಂದರಲ್ಲಿ ಕ್ವಾಂಗ್ ಸುಯುನ್ ಹದಿನಾಲ್ಕು ವರ್ಷದಿಂದ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದಳು. ವಯಸ್ಸು ಮೂವತ್ತೊಂಬತ್ತು. ಯಾರ ಮಗುವಿಗೆ ಜ್ವರ, ಯಾರಿಗೆ ಎ.ಸಿ. ಗಾಳಿ ಆಗಿಬರುವುದಿಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಹೊಸಬರು ಸೇರಿದ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವಳೂ ಅವಳೇ: ಆಫೀಸಿನವರು ತಮ್ಮತಮ್ಮಲ್ಲೇ ಪ್ರೀತಿಸಿದರೆ ಇಬ್ಬರಲ್ಲೊಬ್ಬರು ಕೆಲಸ ಬಿಡಬೇಕು. ಒಡತಿ ನಿಯೆ ಮೇಡಂ ಮಾಡಿದ ನಿಯಮ ಅದು.

ಅಂಥವಳೇ ವಿನ್ಯಾಸ ವಿಭಾಗದ ಶಿಯಾಂಗ್ ದೆಹಾಯ್‌ಗೆ ಮನಸೋತಳು. ಹೆಂಡತಿಯಿಂದ ವಿಚ್ಛೇದನವಾಗಿ ಆರು ವರ್ಷವಾಗಿದ್ದ, ಮಾತು ಕಡಿಮೆ, ನಗು ಜಾಸ್ತಿಯ ಮನುಷ್ಯ. ಹೊಸ ಫ್ಲಾಸ್ಕೊಂದನ್ನು ಪರೀಕ್ಷೆಗೆಂದು ಅವಳಿಗೆ ಕೊಟ್ಟಿದ್ದ. ಅದು ಸೋರಿ ಅವಳ ಚೀಲವೆಲ್ಲ ಸೇವಂತಿಗೆ ಚಹಾದಲ್ಲಿ ನೆನೆಯಿತು. ತಪ್ಪಾಯಿತೆಂದು ಬೆಳಿಗ್ಗೆ ಎಳ್ಳಿನ ಗೊಜ್ಜು ಕಲಸಿದ ನೂಡಲ್ಸ್ ಕೊಡಿಸಿದ. ಮರುದಿನವೂ ಕೊಡಿಸಿದ. ಮೂರನೆಯ ವಾರಕ್ಕೆ ನೆಪವೇ ಬೇಕಾಗಲಿಲ್ಲ.

ಎರಡು ವರ್ಷ ಗುಟ್ಟು ಕಾಪಾಡಿದರು. ಬೇರೆ ಬೇರೆ ಲಿಫ್ಟಿನಲ್ಲಿ ಬಂದರು, ಬೇರೆ ಬೇರೆ ಮೇಜಿನಲ್ಲಿ ಉಂಡರು. ಭೇಟಿಯೆಲ್ಲ ಭಾನುವಾರ, ಲಾಂಚ್ ಹತ್ತಿ ನದಿಯಾಚೆ, ಆಫೀಸಿನವರು ಯಾರೂ ಸುಳಿಯದ ಕಡೆ.

ಅಂಥದೊಂದು ಮಧ್ಯಾಹ್ನ ಸಿನಿಮಾಕ್ಕೆ ಹೋದರು. ಆಫೀಸಿನಲ್ಲೇ ಪ್ರೀತಿಸಿ ಪೇಚಿಗೆ ಸಿಕ್ಕುವ ಜೋಡಿಯ ತಮಾಷೆ ಕಥೆ. ನಕ್ಕು ನಕ್ಕು ಸುಯುನ್ ದೆಹಾಯ್‌ನ ಹೆಗಲಿಗೊರಗಿದಳು. ನಾಯಕಿ ಕೆಲಸ ಬಿಟ್ಟು ಹೊರಡುವಾಗ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಸುಯುನ್ ಕನಿಕರಪಟ್ಟು, ಹಿಂದೆ ತಿರುಗದೆಯೇ ಟಿಶ್ಯೂ ಪೊಟ್ಟಣ ದಾಟಿಸಿದಳು. ದೀಪ ಹತ್ತಿದಾಗ ನೋಡಿದರೆ, ಮೂಗು ಒರೆಸಿಕೊಳ್ಳುತ್ತಿದ್ದವರು ನಿಯೆ ಮೇಡಂ.

ಸೋಮವಾರ ಬೆಳಿಗ್ಗೆ ಸುಯುನ್ ರಾಜೀನಾಮೆ ಹಿಡಿದು ಮೇಡಂ ಕೋಣೆಗೆ ಹೋದಳು. ದೆಹಾಯ್‌ಗೆ ಫ್ಲಾಸ್ಕು ಬಿಟ್ಟರೆ ಬೇರೇನೂ ಗೊತ್ತಿಲ್ಲ, ತಾನು ಎಲ್ಲಾದರೂ ಬದುಕಿಕೊಂಡೇನು ಎಂದುಕೊಂಡಿದ್ದಳು. ಮೇಜಿನ ಮೇಲೆ ಆಗಲೇ ಒಂದು ರಾಜೀನಾಮೆ ಬಿದ್ದಿತ್ತು. ಗುಂಡಗಿನ ಅಕ್ಷರ ದೆಹಾಯ್‌ನದು.

"ನಂಗೊಂದು ಮಾತು ಹೇಳ್ದೆ ಕೊಟ್ಬಿಟ್ಟಿದಾನಾ?" ಸಿಟ್ಟೂ ಬಂತು, ಕಣ್ಣೂ ತುಂಬಿತು.

"ನೀನೇನು ಅವನಿಗೆ ಹೇಳಿ ಬಂದಿದೀಯಾ?" ಎಂದರು ಮೇಡಂ. "ಇಡೀ ಆಫೀಸಿಗೆ ಗೊತ್ತು ಕಣೆ. ನೀನು ಬರದೇ ಇರೋ ದಿನ ಅವನು ತಟ್ಟೆ ಮುಂದಿಟ್ಕೊಂಡು ಬಾಗಿಲನ್ನೇ ನೋಡ್ತಾ ಕೂತಿರ್ತಾನೆ."

ಆಮೇಲೆ ತಮ್ಮದನ್ನೂ ಹೇಳಿಕೊಂಡರು. ಇಪ್ಪತ್ತೆಂಟು ವರ್ಷದ ಹಿಂದೆ, ಜೊತೆಗೆ ಕೆಲಸ ಮಾಡುತ್ತಿದ್ದವನಿಗಾಗಿ ಅವರೂ ನೌಕರಿ ಬಿಟ್ಟಿದ್ದರಂತೆ. ಅವನು ತನ್ನ ನೌಕರಿ ಉಳಿಸಿಕೊಂಡ, ಅವರನ್ನು ಉಳಿಸಿಕೊಳ್ಳಲಿಲ್ಲ. ಆ ಸಂಕಟದಲ್ಲೇ ನಿಯಮ ಹುಟ್ಟಿದ್ದು.

"ನಿಮ್ಮದು ಹಾಗಲ್ಲ. ಇಬ್ರೂ ನಾನು ಹೋಗ್ತೀನಿ, ನಾನು ಹೋಗ್ತೀನಿ ಅಂತೀರಿ. ಇಬ್ರೂ ಹೋದ್ರೆ ನನ್ನ ಗತಿ ಏನು?"

ಎರಡೂ ಕಾಗದ ಹರಿದು, ನಿಯಮ ರದ್ದಾಯಿತೆಂಬ ಸುತ್ತೋಲೆಯನ್ನು ಅಲ್ಲೇ ಕೂತು ಟೈಪ್ ಮಾಡೆಂದರು. ನಾಲ್ಕು ಸಾಲಿನಲ್ಲಿ ಸುಯುನ್ ಮೂರು ತಪ್ಪು ಮಾಡಿದಳು.

ಮೇ ತಿಂಗಳಲ್ಲಿ ಮದುವೆ ನೋಂದಣಿಯಾಯಿತು. ದೆಹಾಯ್‌ನ ತಾಯಿ ತಾವರೆಗೆಡ್ಡೆ ಹಾಕಿ ಹಂದಿ ಪಕ್ಕೆಲುಬಿನ ಸೂಪು ಕುದಿಸಿದರು. ಮೇಡಂ ಸಂಕೋಚವಿಲ್ಲದೆ ಮೂರು ಬಟ್ಟಲು ಕುಡಿದರು. ಈಗ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಆಫೀಸಿಗೆ ಬರುತ್ತಾರೆ, ಕಿಟಕಿ ಸೀಟು ಯಾರಿಗೆಂದು ದಾರಿಯುದ್ದಕ್ಕೂ ಜಗಳವಾಡುತ್ತ.