ಇರುವೆಯೂ ಎಡವದ ಅಂಚು

ಆ ಟೈಲ್‌ಗಳು ಕರಗಿದ್ದು ನಿನ್ನ ಕೈತಪ್ಪಿನಿಂದಲ್ಲ ಲಕ್ಷ್ಮಿ — ನನ್ನಿಂದ. ಇಷ್ಟು ವರ್ಷ ಇದನ್ನು ಒಳಗಿಟ್ಟುಕೊಂಡೇ ನಿನ್ನ ಮನೆಯಲ್ಲಿ ಊಟ ಮಾಡಿದ್ದೇನೆ.

ದೂರದ ಆ ಲ್ಯಾಬ್‌ನಲ್ಲಿ ಕನ್ನಡದವರು ನಾವಿಬ್ಬರೇ. ನೀನು ವೈದ್ಯನಾಥಪುರದವಳು, ನಾನು ಮಂಡ್ಯದ ಕಾನ್ವೆಂಟ್ ಹುಡುಗಿ. ಸೂರ್ಯನೊಳಗಿನಂಥ ಬೆಂಕಿಯನ್ನು ಅಯಸ್ಕಾಂತದ ಹಿಡಿತದಲ್ಲಿಡುವ ಮೆಷಿನ್ ನಮ್ಮದು. ಅದರ ಕಾವು ಹೊರಹೋಗುವ ಜಾಗ — ಡೈವರ್ಟರ್ — ಅಲ್ಲಿ ಕಾವು ತಡೆಯುವ ಟೈಲ್ ಕೂರಿಸುತ್ತಿದ್ದವಳು ನೀನು. ಕಾವು ಓರೆಯಾಗಿ, ಒಂದೇ ದಿಕ್ಕಿನಿಂದ ಬರುತ್ತದೆ. ಅದಕ್ಕೇ ಪ್ರತಿ ಟೈಲ್‌ಗೂ ಸಣ್ಣ ಇಳಿಜಾರು. ಒಂದು ಇನ್ನೊಂದರ ಅಂಚನ್ನು ಮರೆಮಾಡಬೇಕು, ನಿಮ್ಮೂರ ನಾಡಹೆಂಚಿನ ಹಾಗೆ. ನೀನು ಗ್ಲೌಸ್ ತೊಟ್ಟ ಬೆರಳನ್ನು ಸಂದುಗಳ ಮೇಲೆ ಆಡಿಸಿ, "ಇರ್ವೆನೂ ಎಡವಾಕಿಲ್ಲ ಕಣಮ್ಮಿ" ಎನ್ನುತ್ತಿದ್ದೆ.

ನನ್ನದು ಅಯಸ್ಕಾಂತದ ಕಾಯಿಲ್‌ಗಳ ಕೆಲಸ. ಒಂದು ಸಣ್ಣ ಟ್ರಯಲ್‌ಗೆಂದು ಕೇಬಲ್ ಅದಲುಬದಲು ಮಾಡಿ ಫೀಲ್ಡ್‌ನ ದಿಕ್ಕು ತಿರುಗಿಸಿದ್ದೆ; ಅದರೊಂದಿಗೆ ಕಾವು ಬರುವ ದಿಕ್ಕೂ ತಿರುಗುತ್ತದೆ. ಮತ್ತೆ ಸರಿಮಾಡಲು — ಮರೆತೆ. ಜಸ್ಟ್ ಲೈಕ್ ದಟ್. ಮರುದಿನ ಫುಲ್ ಪವರ್‌ನಲ್ಲಿ ಓಡಿಸಿದಾಗ, ಮರೆಯಲ್ಲಿರಬೇಕಾದ ಅಂಚುಗಳೇ ಕಾವಿಗೆ ಎದುರಾಗಿ ಕರಗಿದವು. ಗೊತ್ತಾದ ಕೂಡಲೇ, ಯಾರೂ ನೋಡದ ಹಾಗೆ, ಕೇಬಲ್ ಮೊದಲಿನಂತೆ ಜೋಡಿಸಿದೆ. ಮರೆವನ್ನು ಕ್ಷಮಿಸಬಹುದೇನೋ. ಇದನ್ನು—

ಮೀಟಿಂಗ್‌ನಲ್ಲಿ ಹಿರಿಯರು ಕೇಳಿದರು, ಟೈಲ್ ಸಮವಾಗಿ ಕೂತಿರಲಿಲ್ಲವೇ ಎಂದು. ಕರಗಿಹೋದ ಅಂಚನ್ನು ಇನ್ನು ಅಳೆಯುವುದು ಹೇಗೆ? ನೀನು ನನ್ನ ಮುಖ ನೋಡಿದೆ.

"ಪಾಸಿಬಲ್, ಸರ್," ಎಂದೆ ನಾನು.

ಹೊರಗೆ ಬಂದು ನೀನು ಕೇಳಿದ್ದು ಒಂದೇ ಮಾತು: "ನನ್ ಬೆರಳೇ ಸುಳ್ಳೇಳ್ತಾ, ಅಮ್ಮಿ?" ಅವರು ನಿನ್ನನ್ನು ಮೆಷಿನ್ ಹತ್ತಿರ ಮತ್ತೆ ಬಿಡಲಿಲ್ಲ. ನೀನು ನಿಮ್ಮೂರ ಕಡೆಯ ಭಾರತೀನಗರಕ್ಕೆ ಬಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟೆ. ನಾನು ಆ ಲ್ಯಾಬ್‌ನಲ್ಲೇ ಉಳಿದು, ಮೇಲೇರಿ, ರಿಟೈರ್ ಆಗಿ ಮಂಡ್ಯಕ್ಕೆ ಬಂದೆ.

ಮೊನ್ನೆ ನಿನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ನಗುತ್ತಾ ಹೇಳಿದೆಯಲ್ಲ — "ತಪ್ಪಾದ್ರೆ ಒಪ್ಕೊಬುಡಿ ಕಣ್ರಪ್ಪ. ನಾನೊಂದ್ಸಲ ಟೈಲು ವಾರೆ ಕೂರ್ಸಿ ಮಿಷೀನೇ ಸುಟ್ಟಾಕಿದ್ದೆ. ಬೇಕಾದ್ರೆ ಇವಳ್ನೇ ಕೇಳಿ!" ಎಲ್ಲರೂ ನಕ್ಕರು. ನಾನೂ — ಓ ಗಾಡ್, ನಾನೂ ನಕ್ಕೆ. ನನ್ನ ಒಂದು ಮಾತನ್ನು ನಂಬಿ ನೀನು ನಿನ್ನ ಬೆರಳನ್ನೇ ನಂಬುವುದು ಬಿಟ್ಟಿದ್ದೆ.

ಭಾನುವಾರ ಅವರೆಲ್ಲ ಮತ್ತೆ ನಿನ್ನ ಮನೆಯಲ್ಲಿ ಸೇರುತ್ತಾರಂತೆ. ನಾನು ಬೇಗ ಬರುತ್ತೇನೆ. ಈ ಕಾಗದವನ್ನು ಮೊದಲು ನಿನಗೊಬ್ಬಳಿಗೆ ಓದಿ, ಆಮೇಲೆ ಅವರೆದುರಿಗೂ ಓದುತ್ತೇನೆ. ಅಷ್ಟಾದ ಮೇಲೆ ನೀನು ಊಟಕ್ಕೆ ಕೂರು ಎನ್ನದಿದ್ದರೆ — ಬಸ್ ಸ್ಟ್ಯಾಂಡಿನ ದಾರಿ ನನಗೆ ಗೊತ್ತು.