ಪೆಟ್ಟಿಗೆಯಣ್ಣ ಪೆಟ್ಟಿಗೆ ನಿಲ್ಲಿಸಿದ ದಿನ

ಅಂಗಿ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿಯುವುದಿಲ್ಲ. ಕಾಲರ್ ಹೊಲಿಯುವವಳು ಕಾಲರ್. ಜೇಬು ಹಚ್ಚುವವಳು ಜೇಬು ಅಕ್ಕ. ಸಾಲಿನ ಕೊನೆಯ ಗಾಜಿನ ಕೋಣೆಯಲ್ಲಿ ಕೂತು ಕಾರ್ಖಾನೆಯ ಸರ್ವರ್ ಪೆಟ್ಟಿಗೆ ನೋಡಿಕೊಳ್ಳುವವನು ಪೆಟ್ಟಿಗೆಯಣ್ಣ. ಕಪ್ಪು ಬಣ್ಣದ, ಸದಾ ಗುಂಯ್‌ಗುಡುವ ಆ ಪೆಟ್ಟಿಗೆಯ ಕೈಯಲ್ಲೇ ಎಲ್ಲದರ ಲಗಾಮು: ಹಾಜರಿ, ಸಂಬಳ, ಬಟ್ಟೆ ಕತ್ತರಿಸುವ ಯಂತ್ರದ ಅಳತೆ, ಕೊನೆಗೆ ಊಟದ ಸೈರನ್ ಕೂಡ.

ಪೆಟ್ಟಿಗೆಯಣ್ಣ ಮೊದಲು ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಎಣ್ಣೆ ಡಬ್ಬಿ ಹಿಡಿದು ಸಾಲಿನಿಂದ ಸಾಲಿಗೆ ಅಲೆಯುತ್ತಿದ್ದವನು. ಸರ್ವರ್ ಬಂದಾಗ ಮ್ಯಾನೇಜರ್, “ಯಂತ್ರ ಅಂದ್ಮೇಲೆ ಯಂತ್ರ, ನೀನೇ ನೋಡ್ಕೋ,” ಎಂದು ಅವನನ್ನೇ ತರಬೇತಿಗೆ ಕಳಿಸಿದರು. ಕಲಿತ, ಚೆನ್ನಾಗಿಯೇ ಕಲಿತ. ಆದರೆ ಹಳೆಯ ಕಸುಬಿನ ಒಂದು ನಂಬಿಕೆಯೂ ಎಣ್ಣೆಯ ವಾಸನೆಯಂತೆ ಅವನ ಜೊತೆಗೇ ಬಂತು: ಓಡುತ್ತಿರುವ ಯಂತ್ರವನ್ನು ನಿಲ್ಲಿಸಬಾರದು.

ಮಗಳ ಹಾಲುಹಲ್ಲು ಬೀಳುತ್ತಿದ್ದ ವರ್ಷ ಅವನು ಆ ಪೆಟ್ಟಿಗೆಯನ್ನು ಚಾಲೂ ಮಾಡಿದ್ದು. ಈಗ ಮಗಳು ಕನ್ನಡಕ ಹಾಕಿಕೊಂಡು ಅಪ್ಪನಿಗೇ ಬುದ್ಧಿ ಹೇಳುತ್ತಾಳೆ. ಪೆಟ್ಟಿಗೆ ಮಾತ್ರ ನಡುವೆ ಒಮ್ಮೆಯೂ ಕಣ್ಣು ಮುಚ್ಚಿಲ್ಲ. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಸೋತರೆ ಜನರೇಟರು. ಎಷ್ಟು ದಿನದಿಂದ ಓಡುತ್ತಿದೆ ಎಂಬ ಲೆಕ್ಕ ಪರದೆಯ ಮೇಲೆ ಬರುತ್ತಿತ್ತು. ಮಗುವನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಅಳೆಯುವ ಅಪ್ಪನ ಹಾಗೆ ಅವನು ದಿನಾ ಬೆಳಗ್ಗೆ ಅದನ್ನು ನೋಡಿ ಹಿಗ್ಗುತ್ತಿದ್ದ. ಬಟ್ಟೆ ಕೊಳ್ಳಲು ಹೊರಗಿನಿಂದ ಯಾರೇ ಬಂದರೂ ಮ್ಯಾನೇಜರ್ ಮೊದಲು ತೋರಿಸುತ್ತಿದ್ದುದು ಆ ಅಂಕಿಯನ್ನೇ.

ಅವನ ಹೆಂಡತಿಗೆ ಮಾತ್ರ ಅದು ಸವತಿ.

“ಏನ್ರೀ, ಚೆನ್ನಾಗಿದಾಳಾ ನಿಮ್ಮ ಕಿರಿಯವಳು?” ಎಂದು ಸಂಜೆ ಬಾಗಿಲಲ್ಲೇ ವಿಚಾರಿಸುತ್ತಿದ್ದಳು. “ನನಗೆ ಜ್ವರ ಬಂದಾಗ ಒಂದು ದಿನ ರಜಾ ಹಾಕ್ಲಿಲ್ಲ. ಅವಳ ಫ್ಯಾನು ಸ್ವಲ್ಪ ಕಿರ್ ಅಂದ್ರೆ ತಟ್ಟೆ ಮುಂದಿಂದ ಎದ್ದು ಓಡ್ತೀರಿ.”

“ಪಾಪ ಕಣೇ, ಅದಕ್ಕೆ ಬಾಯಿಲ್ಲ.”

“ಅದಕ್ಕೇ ತಾನೆ ಅಷ್ಟು ಪ್ರೀತಿ!”

ಹಾಗೆಂದು ಪೆಟ್ಟಿಗೆಯಣ್ಣ ಸೋಮಾರಿಯಲ್ಲ. ತಿಂಗಳು ತಿಂಗಳೂ ಭದ್ರತೆಯ ಅಪ್‌ಡೇಟುಗಳನ್ನು ಇಳಿಸಿಕೊಂಡು ಹಾಕುತ್ತಿದ್ದ. ಎಲ್ಲವೂ ಹೊಸದಾಗಿದೆ ಎಂದು ಪರದೆ ಹೇಳುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಯಂತ್ರವನ್ನೊಮ್ಮೆ ನಿಲ್ಲಿಸಿ ಶುರುಮಾಡಬೇಕು ಎಂಬ ಸಾಲೊಂದು ಇರುತ್ತಿತ್ತು. ಬೆಳಗ್ಗೆ ಎದ್ದು ನಡೆಯಿರಿ ಎನ್ನುವ ಡಾಕ್ಟರ ಮಾತಿಗೆ ಕೊಡುವಷ್ಟೇ ಗೌರವವನ್ನು ಅವನು ಅದಕ್ಕೂ ಕೊಟ್ಟಿದ್ದ. ಓದುತ್ತಿದ್ದ, ತಲೆದೂಗುತ್ತಿದ್ದ, ನೋಡೋಣ ಎನ್ನುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಕಾಲರ್ ಗಾಜಿನ ಕೋಣೆಯ ಕಿಟಕಿಗೆ ಬಂದು ನಿಂತಳು.

ಹೊಡೆಯುವ ಗಂಡನನ್ನು ಬಿಟ್ಟು, ಪುಟ್ಟ ಮಗಳನ್ನು ಎತ್ತಿಕೊಂಡು ಬೇರೆ ಊರಿನಿಂದ ಬಂದವಳು ಅವಳು. ಕೆಲಸಕ್ಕೆ ಸೇರಿದ ದಿನ ಮನೆಯ ವಿಳಾಸ ಹೇಳುವಾಗ ದನಿ ತಗ್ಗಿಸಿ, “ಅಣ್ಣಾ, ಇದು ಯಾರಿಗೂ ಕಾಣಲ್ಲ ತಾನೆ?” ಎಂದಿದ್ದಳು. “ನನಗೂ ಮ್ಯಾನೇಜರಿಗೂ ಬಿಟ್ರೆ ಇರುವೆಗೂ ಕಾಣಲ್ಲ ತಂಗಿ,” ಎಂದು ಎದೆ ತಟ್ಟಿಕೊಂಡಿದ್ದ ಪೆಟ್ಟಿಗೆಯಣ್ಣ.

“ಅಣ್ಣಾ, ನನ್ನ ಗಂಡನ ತಮ್ಮ ಪ್ಯಾಕಿಂಗಿಗೆ ಸೇರ್ಕೊಂಡಿದಾನೆ,” ಎಂದಳು ಈಗ. “ಎಲ್ಲಿ ಮನೆ ಮಾಡಿದೀಯಾ ಅತ್ತಿಗೆ ಅಂತ ನಗ್ತಾ ಕೇಳಿದ. ಹೇಳಲಿಲ್ಲ. ಕಾರ್ಖಾನೆ ವ್ಯಾನಲ್ಲಿ ಹೋಗ್ತೀನಿ, ಅವನಿಗೆ ಹಿಂದೆ ಬರೋಕಾಗಲ್ಲ. ನಿಮ್ಮ ಪೆಟ್ಟಿಗೇಲಿ...”

“ಅವನಿಗೆ ಡಬ್ಬ ಎಣಿಸಿ ಬರೆಯೋಕೆ ಮಾತ್ರ ಅನುಮತಿ ಕಣಮ್ಮ. ಬಾಗಿಲ ಆಚೆಯವನು ಅವನು. ನೀನು ಹೋಗು, ಕಾಲರ್ ಸೊಟ್ಟ ಆದೀತು.”

ಅವಳು ಸಮಾಧಾನವಾಗಿ ಹೋದಳು. ಅವನೂ ಸಮಾಧಾನವಾಗಿಯೇ ಅಂದಿನ ಭದ್ರತಾ ಸೂಚನೆಗಳನ್ನು ಓದಲು ಕುಳಿತ.

ಕರ್ನಲ್‌ನಲ್ಲಿ ತೂತು ಬಿದ್ದಿತ್ತು. ಕರ್ನಲ್ ಎಂದರೆ ಯಂತ್ರದ ತಿರುಳು. ಯಾರನ್ನು ಎಲ್ಲಿಯವರೆಗೆ ಬಿಡಬೇಕು ಎಂದು ನಿರ್ಧರಿಸುವ ಯಜಮಾನ ಅದೇ. ಈ ತೂತಿನಿಂದ ಬಾಗಿಲ ಆಚೆ ನಿಂತ ಸಾಮಾನ್ಯ ಬಳಕೆದಾರನೂ ಯಜಮಾನನಾಗಿಬಿಡಬಹುದಿತ್ತು. ಹೇಗೆಂದು ತಿಳಿದವರು ಆಗಲೇ ಇಂಟರ್‌ನೆಟ್ಟಿನಲ್ಲಿ ಊರಿಗೆಲ್ಲ ಹೇಳಿಬಿಟ್ಟಿದ್ದರು.

‘ನಮ್ಮದಕ್ಕೆ ಅಪ್‌ಡೇಟಿನ ತೇಪೆ ಹಾಕಿ ಆಗಿದೆಯಲ್ಲ’ ಎಂದುಕೊಂಡ ಪೆಟ್ಟಿಗೆಯಣ್ಣ. ಆದರೂ ಮನಸ್ಸು ತಡೆಯದೆ, ಈಗ ಓಡುತ್ತಿರುವ ಕರ್ನಲ್ ಯಾವುದು ಎಂದು ಯಂತ್ರವನ್ನೇ ಕೇಳಿದ. ಯಂತ್ರಕ್ಕೆ ಸುಳ್ಳು ಬರುವುದಿಲ್ಲ. ಮಗಳ ಹಾಲುಹಲ್ಲಿನ ವರ್ಷದ್ದು ಎಂದಿತು.

ಅಂಗಿ ಕಾರ್ಖಾನೆಯವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಹೊಸ ಅಂಗಿಗಳನ್ನು ತಿಂಗಳಿಗೊಂದರಂತೆ ತಂದು ಬೀರುವಿನಲ್ಲಿ ಮಡಿಸಿಟ್ಟಿದ್ದ. ಪೆಟ್ಟಿಗೆಯ ಮೈಮೇಲಿದ್ದುದು ಮಾತ್ರ ಆ ಮೊದಲ ದಿನದ ಹರಕಲು. ಒಮ್ಮೆ ನಿಲ್ಲಿಸಿ ಬಿಚ್ಚದೆ ಹೊಸದನ್ನು ತೊಡಿಸುವುದಾದರೂ ಹೇಗೆ? ಇರುವೆಗೂ ಕಾಣಲ್ಲ ಎಂದಿದ್ದವನ ಕಿವಿ ಬಿಸಿಯಾಯಿತು.

ಮ್ಯಾನೇಜರ ಹತ್ತಿರ ಹೋದ.

“ನಿಲ್ಲಿಸೋದಾ? ಗುರುವಾರ ಕೊಳ್ಳೋರು ಬರ್ತಾರಯ್ಯಾ, ಆ ಅಂಕಿ ನೋಡೋಕೆ!” ಎಂದರು ಅವರು. “ಓಡೋ ಯಂತ್ರ ಮುಟ್ಟಬಾರದು ಅಂತ ನನಗೆ ಹೇಳಿಕೊಟ್ಟವನೇ ನೀನು.”

“ಅದು ತಪ್ಪು ಸಾರ್, ಹೇಳಿಕೊಟ್ಟವನೇ ಈಗ ಮಾತು ಬದಲಾಯಿಸ್ತಿದೀನಿ.”

“ಬದಲಾಯಿಸು, ಮುಂದಿನ ವಾರ ಬದಲಾಯಿಸು.”

ತಾನು ನೆಟ್ಟ ಗಿಡದ ಮುಳ್ಳೇ ತನಗೆ ಚುಚ್ಚಿತ್ತು. ಪೆಟ್ಟಿಗೆಯಣ್ಣ ಕೋಣೆಗೆ ಮರಳಿ ಕೂತ. ಗಾಜಿನಾಚೆ ಕಾಲರ್ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಅವಳ ಹಿಂದೆ, ಪ್ಯಾಕಿಂಗ್ ಬಾಗಿಲಿನ ಪಕ್ಕದ ಪರದೆಯ ಮುಂದೆ, ಆ ಮೈದುನ. ಡಬ್ಬ ಎಣಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವನು ಅಲ್ಲಿ ಕೂತಿದ್ದಾನೆ ಎನ್ನಿಸಿತು. ನಿಜವೋ ಭ್ರಮೆಯೋ.

ಚಹಾದ ಬಿಡುವಿನ ಹೊತ್ತಿಗೆ, ಯಾರನ್ನೂ ಕೇಳದೆ, ಪೆಟ್ಟಿಗೆಯಣ್ಣ ಪೆಟ್ಟಿಗೆಯನ್ನು ನಿಲ್ಲಿಸಿದ.

ಗುಂಯ್ ನಿಂತಿತು. ಕೋಣೆ ಅಷ್ಟು ಮೌನವಾಗಿದ್ದುದನ್ನು ಅವನು ಎಂದೂ ಕೇಳಿರಲಿಲ್ಲ. ಮತ್ತೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಇಷ್ಟು ವರ್ಷ ನಿದ್ದೆಗೆಟ್ಟ ಯಂತ್ರ ತನ್ನ ಡಿಸ್ಕುಗಳನ್ನು ಒಂದೊಂದಾಗಿ ತಡವಿ ನೋಡಿಕೊಳ್ಳುತ್ತಿತ್ತು.

“ಏಳಮ್ಮಾ, ಏಳೇ ತಾಯಿ,” ಎಂದು ಅವನು ಗೊಣಗಿದ್ದು ಗಾಜಿನಾಚೆ ಚಹಾ ಹೀರುತ್ತಿದ್ದ ಜೇಬು ಅಕ್ಕನ ಕಿವಿಗೆ ಬಿತ್ತು.

“ಏನಪ್ಪಾ, ಮಗೂನ ಸ್ಕೂಲಿಗೆ ಎಬ್ಬಿಸ್ತಿದೀಯಾ? ತಣ್ಣೀರು ಎರಚು!”

ಎದ್ದಿತು. ಓಡುತ್ತಿರುವ ಕರ್ನಲ್ ಯಾವುದು ಎಂದು ಕೇಳಿದ. ಈ ತಿಂಗಳದ್ದು. ಹಿಂದೆ ಯಾರಾದರೂ ಒಳಹೊಕ್ಕ ಗುರುತಿದೆಯೇ ಎಂದು ಹುಡುಕಿದ, ಕಾಣಲಿಲ್ಲ. ಹಾಜರಿ, ಸಂಬಳ, ಕತ್ತರಿ ಯಂತ್ರ ಎಲ್ಲವೂ ಸರಿಯಾಗಿತ್ತು. ದಿನಗಳ ಅಂಕಿ ಇದ್ದಲ್ಲಿ ಒಂದು ಸೊನ್ನೆ ಕೂತಿತ್ತು. ಆದರೂ ಯಾರಿಗೂ ತಿಳಿಯದೆ ಮುಗಿಯಿತಲ್ಲ ಎಂದು ಬೆವರು ಒರೆಸಿಕೊಂಡ.

ಮಧ್ಯಾಹ್ನ ಕಳೆಯುತ್ತಾ ಬಂತು. ಸಾಲಿನಲ್ಲಿ ಹೊಲಿಗೆ ನಡೆದೇ ಇತ್ತು. ತನ್ನ ಹೊಟ್ಟೆಯೇ ಇವತ್ತು ಅವಸರ ಮಾಡುತ್ತಿದೆ ಎಂದು ಪ್ರತಿಯೊಬ್ಬಳೂ ಅಂದುಕೊಂಡು ಇನ್ನೊಂದು ತೋಳು, ಇನ್ನೊಂದು ಜೇಬು ಎನ್ನುತ್ತಿದ್ದಳು. ಆಗ ಪೆಟ್ಟಿಗೆಯಣ್ಣನ ಫೋನು ಬಡಿದುಕೊಂಡಿತು.

“ಏನ್ರೀ,” ಎಂದಳು ಹೆಂಡತಿ, “ಇವತ್ತು ಮಧ್ಯಾಹ್ನ ಆಗೋ ಅಂದಾಜಿದೆಯಾ?”

“ಯಾಕೇ?”

“ನಿಮ್ಮ ಸೈರನ್ ಕೇಳಿ ಅನ್ನಕ್ಕಿಡೋಳು ನಾನು. ಎದುರು ಮನೆ ಅಜ್ಜ ಮಾತ್ರೆ ಕೈಯಲ್ಲಿ ಹಿಡ್ಕೊಂಡು ಕೂತಿದಾರೆ. ಕ್ಷೌರದಂಗಡಿಯವನು ಒಬ್ಬರ ಅರ್ಧ ಗಡ್ಡ ಹೆರೆದು, ಊಟಕ್ಕೆ ಹೊತ್ತಾಯ್ತಾ ಅಂತ ಬೀದಿ ನೋಡ್ತಿದಾನೆ!”

ಪೆಟ್ಟಿಗೆಯಣ್ಣ ಪರದೆಯ ಮೂಲೆಯ ಗಂಟೆ ನೋಡಿದ. ಸೈರನ್! ಮೊದಲ ದಿನ ಅದನ್ನು ಕೂಗಿಸುವ ಪ್ರೋಗ್ರಾಮನ್ನು ಕೈಯಿಂದ ಶುರುಮಾಡಿದ್ದ. ಯಂತ್ರ ಎದ್ದಾಗ ತಾನೇ ಏಳುವಂತೆ ಅದನ್ನು ಬರೆದಿಡಬೇಕಿತ್ತು. ಸದ್ಯಕ್ಕೆ ಹೀಗಿರಲಿ ಎಂದು ಬಿಟ್ಟಿದ್ದ. ಆ ‘ಸದ್ಯಕ್ಕೆ’ ಇಷ್ಟು ವರ್ಷ ಚಾಚೂ ತಪ್ಪದೆ ಕೂಗಿತ್ತು.

ಓಡಿಹೋಗಿ ಶುರುಮಾಡಿದ. ತಡವಾದ ಸೈರನ್ ಎಂದಿಗಿಂತ ಜೋರಾಗಿ ಕೂಗಿದಂತಿತ್ತು. ಸಾಲು ಸಾಲೇ ಗಡಿಯಾರ ನೋಡಿ ಗೊಳ್ಳೆಂದಿತು. ಗಾಜಿನ ಕೋಣೆಯ ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು. ಅವರ ಕಣ್ಣು ಸೊನ್ನೆಯ ಮೇಲಿತ್ತು.

“ನಿಲ್ಲಿಸಿದೆಯಾ?”

“ನಿಲ್ಲಿಸಿದೆ ಸಾರ್.”

“ಬೇಡ ಅಂದಿದ್ದೆ. ಯಾರು ಹೇಳಿದ್ರು ನಿನಗೆ?”

ಸಾಲಿನವರೆಲ್ಲ ಊಟದ ಡಬ್ಬಿ ಹಿಡಿದು ನಿಂತಿದ್ದರು. ಅವರ ನಡುವೆ ಕಾಲರ್ ಇದ್ದಳು, ಆಚೆ ಬಾಗಿಲಲ್ಲಿ ಅವಳ ಮೈದುನ. ಪೆಟ್ಟಿಗೆಯಣ್ಣ ಅವಳತ್ತ ನೋಡಲಿಲ್ಲ.

“ಈ ಸಾಲಿನ ಎಲ್ಲರ ವಿಷಯವೂ ಇದರೊಳಗಿದೆ ಸಾರ್. ಯಾರಿಗೂ ಕಾಣಲ್ಲ ಅಂತ ಮಾತು ಕೊಟ್ಟಿದ್ದೆ. ನಾನು ಅಂಕಿ ನೋಡ್ತಾ ಕೂತಿದ್ದೆ, ಕೊಟ್ಟ ಮಾತು ಹರಿದುಹೋಗಿತ್ತು. ನನ್ನದೇ ತಪ್ಪು. ಸೈರನ್ನಿನದೂ ನನ್ನದೇ.”

ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ಜೇಬು ಅಕ್ಕ ನಡುವೆ ನುಗ್ಗಿದಳು. “ಬೈಯೋದು ಆಮೇಲೆ ಬೈಯಿರಿ ಸಾರ್, ನಾವೂ ಬಂದು ಸೇರ್ಕೋತೀವಿ. ಸೈರನ್ ತಡವಾದಷ್ಟು ಹೊತ್ತು ಊಟಾನೂ ಉದ್ದ ಮಾಡಿ ಮೊದಲು.”

ನಗೆ ಎದ್ದಿತು. ಮ್ಯಾನೇಜರಿಗೂ ಹಸಿವಾಗಿತ್ತು. “ಗುರುವಾರ ಬಂದೋರಿಗೆ ಏನಯ್ಯಾ ತೋರಿಸ್ಲಿ?” ಎಂದು ಗೊಣಗುತ್ತಲೇ ಹೋದರು.

ಎಲ್ಲರೂ ಹೋದ ಮೇಲೆ ಕಾಲರ್ ಕಿಟಕಿಗೆ ಬಂದಳು.

“ಈಗ ಕಾಣಲ್ವಾ ಅಣ್ಣಾ?”

“ಇಲ್ಲ ತಂಗಿ.”

“ಆವತ್ತೂ ಹಾಗೇ ಅಂದಿದ್ರಿ.”

“ಆವತ್ತು ನೋಡದೆ ಹೇಳಿದ್ದೆ. ಇವತ್ತು ನೋಡಿ ಹೇಳ್ತಿದೀನಿ.”

“ಮುಂದಿನ ತಿಂಗಳು?”

ಪೆಟ್ಟಿಗೆಯಣ್ಣ ತಲೆ ಕೆರೆದುಕೊಂಡ. ಮತ್ತೆ ಎದೆ ತಟ್ಟಿಕೊಳ್ಳುವ ಧೈರ್ಯ ಬರಲಿಲ್ಲ. “ಹೊಸ ತೂತು ಬೀಳುತ್ತೆ ಕಣಮ್ಮ, ಬೀಳದೆ ಇರಲ್ಲ. ತೇಪೆ ಬಂದ ದಿನಾನೇ ನಿಲ್ಲಿಸಿ ಎಬ್ಬಿಸ್ತೀನಿ. ಅಷ್ಟು ಮಾತ್ರ ಹೇಳಬಲ್ಲೆ.”

ಎದೆ ತಟ್ಟಿದ ಮಾತಿಗಿಂತ ಈ ತಲೆ ಕೆರೆದ ಮಾತು ಕಾಲರ್‌ಗೆ ಹೆಚ್ಚು ಹಿಡಿಸಿದಂತಿತ್ತು. ಡಬ್ಬಿ ತೆರೆದು ಅರ್ಧ ಊಟವನ್ನು ಮುಚ್ಚಳಕ್ಕೆ ಹಾಕಿ ಕಿಟಕಿಯೊಳಗೆ ತಳ್ಳಿದಳು. ತನ್ನ ಡಬ್ಬಿ ಮನೆಯಲ್ಲೇ ಉಳಿದಿದೆ ಎಂಬುದು ಅವನಿಗೆ ಆಗಲೇ ಹೊಳೆದದ್ದು.

ಸೈರನ್ ಈಗ ಪೆಟ್ಟಿಗೆಯ ಜೊತೆ ತಾನೇ ಏಳುತ್ತದೆ. ಆದರೂ ಪೆಟ್ಟಿಗೆಯಣ್ಣನ ಹೆಂಡತಿ ಅಡುಗೆಮನೆಯ ಗೋಡೆಗೆ ಒಂದು ಗಡಿಯಾರ ತೂಗುಹಾಕಿದ್ದಾಳೆ. ಸವತಿಯನ್ನು ನಂಬಿ ಅನ್ನಕ್ಕಿಡುವುದುಂಟೇ? ತಿಂಗಳಿಗೊಮ್ಮೆ ಚಹಾದ ಬಿಡುವಿನಲ್ಲಿ ಗುಂಯ್ ನಿಲ್ಲುತ್ತದೆ. ಆಗ ಲೋಟ ಹಿಡಿದು ಹೋಗುವ ಕಾಲರ್ ಗಾಜನ್ನು ಬೆರಳಿನಿಂದ ತಟ್ಟುತ್ತಾಳೆ.

“ಎದ್ಳಾ ಅಣ್ಣಾ?”

“ತಾಳಮ್ಮಾ,” ಎನ್ನುತ್ತಾನೆ ಅವನು ಪರದೆಯಿಂದ ಕಣ್ಣು ತೆಗೆಯದೆ, “ಬಟ್ಟೆ ಬದಲಾಯಿಸ್ತಿದಾಳೆ.”