ರಸ ಆಕೆಗೆ, ತುಂಡು ನನಗೆ

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕೆಮ್ಮಲ್ಲ, ಬಳೆ. ನನ್ನ ಹೆಂಡತಿ ಸುಮಿತ್ರಾ ರೊಟ್ಟಿ ಬಡಿಯುತ್ತಿದ್ದಳು. ಕೈ ಎತ್ತಿದಾಗಲೆಲ್ಲ ಹಸಿರು ಬಳೆಗಳು ಸರ್ರನೆ ಮೊಣಕೈವರೆಗೆ ಜಾರುತ್ತಿದ್ದವು. "ದೊಡ್ಡ ಬಳಿ ಯಾಕ ಇಡಿಸಿಕೊಂಡಿ?" ಎಂದು ಕೇಳಿದೆ. "ಅವೇ ಅವ ರೀ, ಪಂಚಮಿಗಿ ಇಡಿಸಿಕೊಂಡಿದ್ದು," ಎಂದಳು. ನಾನು ಡ್ಯೂಟಿಗೆ ಹೊರಟೆ.

ನಾನು ಬಸ್ ಕಂಡಕ್ಟರ್. ಕಲಬುರಗಿಯಿಂದ ಮಹಾಗಾಂವ, ಕಮಲಾಪುರ ದಾಟಿ ಹುಮನಾಬಾದಿನವರೆಗೆ ದಿನಕ್ಕೆರಡು ಸುತ್ತು. ಟಿಕೆಟ್ ತೆಗೆಸದೆ ಕಿಟಕಿ ಕಡೆ ಮುಖ ತಿರುಗಿಸಿ ಕೂತವರು ಯಾರೆಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಆದರೆ ಮನೆಯಲ್ಲಿ ಹೆಂಡತಿ ದಿನದಿನಕ್ಕೆ ಕರಗುತ್ತಿದ್ದದ್ದು ಮೂರು ತಿಂಗಳು ನನಗೆ ಕಾಣಲಿಲ್ಲ. ಕೆಮ್ಮಿಗೆ ಸಿರಪ್ ತಂದೆ. ಸಂಜೆ ಬರುವ ಜ್ವರಕ್ಕೆ ಗುಳಿಗೆ ತಂದೆ. ಜವಾಬ್ದಾರಿ ಮುಗಿಯಿತೆಂದುಕೊಂಡೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕೆಮ್ಮುತ್ತಿದ್ದವಳು ನನ್ನನ್ನು ಕೂಗಿದಳು. ಹೋಗಿ ನೋಡಿದೆ.

ರಕ್ತ.

ಸರಕಾರಿ ಆಸ್ಪತ್ರೆಗೆ ಓಡಿದೆವು. ಎಕ್ಸ್-ರೇ ಆಯಿತು. ಕಫದ ಟೆಸ್ಟ್ ಆಯಿತು. ನಾಲ್ಕನೆಯ ದಿನ ಡಾಕ್ಟರಮ್ಮ ರಿಪೋರ್ಟ್ ನೋಡಿ, ನಮ್ಮಿಬ್ಬರನ್ನೂ ಕೂಡಿಸಿ, ಮೆಲ್ಲಗೆ ಹೇಳಿದರು.

"ಟಿ.ಬಿ. ಅದ. ಅಂಜಬ್ಯಾಡ್ರಿ. ಆರು ತಿಂಗಳ ಕೋರ್ಸ್. ಒಂದು ದಿನಾನೂ ತಪ್ಪಿಸಬಾರ್ದು, ಪೂರಾ ಆರಾಮಾಗ್ತದ. ಆದ್ರ ಇವರ ವೇಟ್ ಭಾಳ ಕಮ್ಮಿ ಅದ. ಔಷಧ ಬರೀ ಜಂತು ಕೊಲ್ತದ, ಮೈ ಕಟ್ಟೋದು ಊಟ. ತಿನ್ನೋರಿದ್ರ ತತ್ತಿ ಕೊಡ್ರಿ, ಕೋಳಿ ಕೊಡ್ರಿ."

ಆಗ ಆಕೆಯ ತೂಕ ಮೂವತ್ತೆಂಟು ಕಿಲೋ. ರಿಕ್ಷಾದಲ್ಲಿ ಕೂತ ಮೇಲೆ ಸುಮಿತ್ರಾ ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು: "ರೇಖಾಗ ಏನರ ಆಗ್ಯಾದೇನ್ರಿ?" ರೇಖಾ ನಮ್ಮ ಒಬ್ಬಳೇ ಮಗಳು, ಒಂಬತ್ತನೆಯ ಕ್ಲಾಸು. ಮರುದಿನವೇ ಆಕೆಯನ್ನೂ ಕರೆದೊಯ್ದು ತೋರಿಸಿದೆವು. ಏನೂ ಇರಲಿಲ್ಲ. ಅವತ್ತು ಸುಮಿತ್ರಾ ಮೊದಲ ಸಲ ಅತ್ತಳು. ತನಗೆ ರೋಗ ಎಂದಾಗ ಅಳದವಳು ಮಗಳಿಗೆ ಇಲ್ಲ ಎಂದಾಗ ಅತ್ತಳು.

ಶಹಾಬಜಾರದ ನಮ್ಮ ಓಣಿ ಬಹಳ ಇಕ್ಕಟ್ಟು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರು ಸೀನುತ್ತಾರೆ. ಅಂಥಲ್ಲಿ ಟಿ.ಬಿ. ಎಂದು ಹೇಳುವ ಧೈರ್ಯ ನಮಗಾಗಲಿಲ್ಲ. ನಿಮೋನಿಯಾ ಎಂದೆವು. ಕೆಂಪು ಕ್ಯಾಪ್ಸೂಲ್ ನುಂಗಿದ ಮೊದಲ ದಿನವೇ ಆಕೆಯ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಎದೆಯ ರಕ್ತ ಕೆಳಗೂ ಇಳಿಯಿತೆಂದು ಇಬ್ಬರೂ ಗಾಬರಿಯಾಗಿ ಆಸ್ಪತ್ರೆಗೆ ಹೋದರೆ, ನರ್ಸ್ ನಕ್ಕು, "ಅದು ಗುಳಿಗಿ ಬಣ್ಣ ರೀ, ಮನಿಗಿ ಹೋಗ್ರಿ," ಎಂದರು.

ಇನ್ನು ನಮ್ಮ ಅತ್ತೆಯ ವಿಷಯ ಹೇಳಬೇಕು. ಸುಮಿತ್ರಾಳ ತಾಯಿ ಭೀಮಬಾಯಿ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟು ಕೆಂಪು ಬಾಳೆಹಣ್ಣು ಮಾರುತ್ತಾರೆ. ನನ್ನ ಬಸ್ಸು ಅಲ್ಲಿ ಐದು ನಿಮಿಷ ನಿಲ್ಲುತ್ತದೆ. ಆ ಐದು ನಿಮಿಷದಲ್ಲಿ, ಗಿರಾಕಿಗಳ ನಡುವೆಯೇ, ಮಗಳ ರೋಗದ ಸುದ್ದಿ ಹೇಳಿದೆ. ಅತ್ತೆ ಬುಟ್ಟಿ ಮುಚ್ಚಿದರು. ಮರುದಿನ ಅದೇ ಜಾಗದಲ್ಲಿ ಕಂಕುಳಲ್ಲಿ ಒಂದು ಜವಾರಿ ಕೋಳಿ ಅವುಚಿಕೊಂಡು ನಿಂತಿದ್ದರು. ಬಸ್ ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಕಲಬುರಗಿವರೆಗೂ ಆ ಕೋಳಿಗೆ ಮೆಲ್ಲಗೆ ಬುದ್ಧಿ ಹೇಳುತ್ತ ಬಂದರು.

ಅವತ್ತಿನಿಂದ ನಮ್ಮ ಅಡುಗೆಮನೆ ಅತ್ತೆಯ ಕೈಗೆ ಹೋಯಿತು. ಕೋಳಿಯನ್ನು ದೊಡ್ಡ ಬೋಗಾಣಿಯಲ್ಲಿ ಹಾಕಿ, ಶುಂಠಿ, ಬೆಳ್ಳುಳ್ಳಿ, ಮೆಣಸು ಜಜ್ಜಿ ಬೆರೆಸಿ, ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಕುದಿಸುತ್ತಿದ್ದರು. ನೀರು ಅರ್ಧಕ್ಕಿಳಿದು ಬಂಗಾರದ ಬಣ್ಣ ಬಂದ ಮೇಲೆ ಬಟ್ಟೆಯಲ್ಲಿ ಸೋಸಿ, ಆ ರಸವನ್ನು ಮಗಳಿಗೆ ಬಿಸಿಬಿಸಿ ಕುಡಿಸುತ್ತಿದ್ದರು. ಸುಮಿತ್ರಾ ಕಣ್ಣುಮುಚ್ಚಿ ಕುಡಿಯುತ್ತಿದ್ದಳು. ಆಕೆಗೆ ಅನ್ನ ರೊಟ್ಟಿ ಯಾವುದೂ ಸೇರುತ್ತಿರಲಿಲ್ಲ. ಇದೊಂದು ಸೇರುತ್ತಿತ್ತು.

ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ತುಂಡು?

"ಅದರಾಗ ಏನದ ಅಳಿಯಾರ? ಸತ್ವ ಎಲ್ಲಾ ರಸದಾಗ ಇಳದದ. ಉಳದದ್ದು ಬರೀ ನಾರು," ಎನ್ನುತ್ತಿದ್ದರು ಅತ್ತೆ. ಹಾಗೆಂದು ಚೆಲ್ಲುವ ಜಾತಿಯಲ್ಲ ಅವರದು. ಉಳ್ಳಾಗಡ್ಡಿ, ಖಾರಪುಡಿ ಹಾಕಿ ಹಂಚಿನ ಮೇಲೆ ಹುರಿದು, ತೊಡೆಯ ತುಂಡನ್ನು ಮೇಲಿಟ್ಟು ನನ್ನ ತಾಟಿಗೆ ಬಡಿಸುತ್ತಿದ್ದರು. ಅಳಿಯನಿಗೆ ತೊಡೆಯ ತುಂಡು ಬಡಿಸದಿದ್ದರೆ ಅವರಿಗೆ ಅವತ್ತು ಅಡುಗೆ ಮಾಡಿದಂತೆಯೇ ಅಲ್ಲ. ನಾನೂ ದೊಡ್ಡ ಉಪಕಾರ ಮಾಡುವವನಂತೆ, ಸತ್ವವೆಲ್ಲ ಹೆಂಡತಿಗೆ ಹೋಗಲಿ, ನಾರು ನನಗಿರಲಿ ಎಂದು, ಬಿಸಿ ರೊಟ್ಟಿಯ ಜೊತೆ ಚಪ್ಪರಿಸಿ ತಿನ್ನುತ್ತಿದ್ದೆ. ರೇಖಾಳಿಗೂ ಒಂದೆರಡು ತುಂಡು ಕೊಡುತ್ತಿದ್ದೆ. ವಾರಕ್ಕೆ ಎರಡು ಕೋಳಿ. ಅತ್ತೆಯ ಹಿತ್ತಿಲಿನ ಕೋಳಿಗಳು ಒಂದೊಂದಾಗಿ ಖಾಲಿಯಾಗತೊಡಗಿದವು.

ಒಂದು ತಿಂಗಳಾಯಿತು. ತೂಕ ಮೂವತ್ತೇಳು.

ಎರಡು ತಿಂಗಳಾಯಿತು. ಮೂವತ್ತಾರು.

ಕಫದ ರಿಪೋರ್ಟ್ ನೆಗೆಟಿವ್ ಬಂದಿತ್ತು. ಜ್ವರ ಬಿಟ್ಟಿತ್ತು. ಆದರೂ ಆಕೆ ಇಳಿಯುತ್ತಲೇ ಇದ್ದಳು. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುವುದಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ರೇಖಾನ್ನ ಹತ್ತನೇ ಕ್ಲಾಸ್ ಮುಗಿಯೋತನ ಸಾಲಿ ಬಿಡಸಬ್ಯಾಡ್ರಿ," ಎಂದಳು. ಅದು ಎಂಥ ಮಾತೆಂದು ನನಗೆ ತಿಳಿಯಿತು. ಹೊರಗೆ ಹೋಗಿ ಸೈಕಲ್ ಒರೆಸುತ್ತ ನಿಂತೆ. ಹದಿನಾರು ವರ್ಷ ಜೊತೆಗಿದ್ದವಳು ಇಲ್ಲದ ಮನೆ ಹೇಗಿರುತ್ತದೆಂದು ಯೋಚಿಸಲೂ ಆಗಲಿಲ್ಲ. ನನಗೆ ಅಷ್ಟು ಹೆದರಿಕೆಯಾಗಿತ್ತು.

ಡಾಕ್ಟರಮ್ಮ ಈ ಸಲ ಕಾರ್ಡ್ ನೋಡಿ ಹುಬ್ಬು ಗಂಟಿಕ್ಕಿದರು. "ಗುಳಿಗಿ ಬರೋಬರಿ ತಗೊಂತಾರ?" "ಹೂಂ ರೀ." "ವಾಂತಿ?" "ಇಲ್ರಿ." "ಊಟ?" ನಾನು ಎದೆಯುಬ್ಬಿಸಿ ಹೇಳಿದೆ: "ವಾರಕ್ಕ ಎರಡು ಕೋಳಿ ರೀ, ಜವಾರಿ. ನಮ್ಮ ಅತ್ತಿ ತಾವೇ ಸೂಪ್ ಮಾಡಿ ಕುಡಸಾಕತ್ತಾರ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ತುಂಡು ಯಾರು ತಿಂತಾರ?"

ಅವರ ಕಣ್ಣು ನನ್ನ ಖಾಕಿ ಅಂಗಿಯ ಗುಂಡಿಗಳ ಮೇಲೆ ನಿಂತಿತು. ಪ್ಯಾಂಟನ್ನಂತೂ ಹಿಂದಿನ ವಾರವಷ್ಟೇ ದರ್ಜಿ ಎರಡನೆಯ ಸಲ ಬಿಚ್ಚಿ ಅಗಲ ಮಾಡಿಕೊಟ್ಟಿದ್ದ.

"ನೀವು ನಿಂದರ್ರಿ ತೂಕದ ಮ್ಯಾಲೆ."

"ನನಗೇನಾಗ್ಯಾದ ಮೇಡಂ?"

"ನಿಂದರ್ರಿ ಅಂದೆ."

ಮುಳ್ಳು ಎಪ್ಪತ್ತೊಂದರ ಹತ್ತಿರ ಓಲಾಡಿ ನಿಂತಿತು. ಹಿಂದೆ ಡಿಪೋದ ಮೆಡಿಕಲ್ ತಪಾಸಣೆಯಲ್ಲಿ ಅರವತ್ತನಾಲ್ಕು ಇದ್ದೆ. ಡಾಕ್ಟರಮ್ಮನಿಗೆ ಸಿಟ್ಟೂ ಬಂದಿತ್ತು, ನಗುವೂ ಬಂದಿತ್ತು.

"ಕಂಡಕ್ಟರ್ ಸಾಹೇಬ್ರ, ನೀವು ಎರಡು ತಿಂಗಳಿಂದ ಹೆಂಡತಿಗಿ ಖಾಲಿ ಬಸ್ ಕಳಸಾಕತ್ತೀರಿ. ಪ್ಯಾಸೆಂಜರ್ ಎಲ್ಲಾ ನಿಮ್ಮ ಹೊಟ್ಟ್ಯಾಗ ಇಳದಾರ."

ಸುಮಿತ್ರಾ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು. ನಕ್ಕು ಕೆಮ್ಮಿದಳು. ನಾನು ಮಾತ್ರ ನೆಲ ನೋಡುತ್ತಿದ್ದೆ.

ಆಮೇಲೆ ಡಾಕ್ಟರಮ್ಮ ಓ.ಪಿ.ಡಿ. ಚೀಟಿಯ ಹಿಂದೆ ಬರೆಯುತ್ತ ವಿವರಿಸಿದರು. ರಸ ಕೆಟ್ಟದ್ದೇನಲ್ಲ, ಗಂಟಲಿಗೆ ಹಿತ, ಹಸಿವು ಹುಟ್ಟಿಸುತ್ತದೆ. ಆದರೆ ಎಷ್ಟು ತಾಸು ಕುದಿಸಿದರೂ ಮೈ ಕಟ್ಟುವ ಪ್ರೋಟೀನಿನ ಬಹುಪಾಲು ತುಂಡಿನಲ್ಲೇ ಉಳಿಯುತ್ತದೆ. ಎಣ್ಣೆಯಲ್ಲಿ ಕರಿದರೂ ಪ್ರೋಟೀನ್ ಎಲ್ಲಿಗೂ ಓಡಿಹೋಗುವುದಿಲ್ಲ, ಆದರೆ ಎಣ್ಣೆ ಸೇರಿಕೊಳ್ಳುತ್ತದೆ, ಈ ಗುಳಿಗೆಗಳ ಜೊತೆ ಹೊಟ್ಟೆ ತೊಳಸುತ್ತದೆ. ಕೆಂಡದ ಮೇಲೆ ಸುಟ್ಟರೆ ಎಣ್ಣೆ ಬೇಡ, ಆದರೆ ಒಣಗಿ ಗಟ್ಟಿಯಾಗುತ್ತದೆ, ಸೋತ ದವಡೆಗೆ ಆಗದು. ಜವಾರಿಯೇ ಬೇಕೆಂದಿಲ್ಲ, ಫಾರಂ ಕೋಳಿಯ ತುಂಡಿನಲ್ಲೂ ಪ್ರೋಟೀನ್ ಇದೆ. "ಕುಕ್ಕರಿನ್ಯಾಗ ಮೆತ್ತಗ ಬೇಯಸ್ರಿ. ಖಾರ ಕಮ್ಮಿ. ತುಂಡೂ ತಿನಸ್ರಿ, ರಸಾನೂ ಕುಡಸ್ರಿ."

ಮನೆಗೆ ಬಂದು ಅತ್ತೆಗೆ ಹೇಗೆ ಹೇಳುವುದೋ ತಿಳಿಯದೆ, ಎಲ್ಲ ತಪ್ಪನ್ನೂ ನನ್ನ ಮೇಲೆ ಹಾಕಿಕೊಂಡು ಹೇಳಿದೆ. ಅವರು ಒಲೆಯ ಮುಂದೆ ಕುಸಿದು ಕೂತರು. "ನನ್ನ ಕೈಲೇ ಮಗಳಿಗಿ ನೀರು ಕುಡಿಸಿದ್ನಲ್ಲ ಅಳಿಯಾರ," ಎಂದು ಹಣೆ ಬಡಿದುಕೊಂಡರು. ಸುಮಿತ್ರಾ ಗೋಡೆ ಹಿಡಿದುಕೊಂಡು ಬಂದು ಅವರ ಪಕ್ಕ ಕೂತಳು. "ನಿನ್ನ ರಸ ಇರಲಿಲ್ಲಂದ್ರ ನಾ ಒಂದು ಗುಟುಕೂ ನುಂಗತಿರಲಿಲ್ಲವ್ವ," ಎಂದು ತಾಯಿಯ ಸೆರಗಿನಿಂದಲೇ ತಾಯಿಯ ಮುಖ ಒರೆಸಿದಳು. ಅದು ಸುಳ್ಳು ಸಮಾಧಾನವಲ್ಲ. ಆ ಎರಡು ತಿಂಗಳು ಆಕೆಯ ಬಾಯಿಗೆ ಹಿಡಿಸಿದ್ದು ಆ ರಸವೊಂದೇ.

ಇನ್ನೇನು, ತುಂಡು ತಿನ್ನಿಸಿದರೆ ಆಯಿತೆಂದುಕೊಂಡೆ. ಆದರೆ ನಿಜವಾದ ತೊಡಕು ಅಲ್ಲೇ ಇತ್ತು. ಸುಮಿತ್ರಾ ತಿನ್ನುವುದಿಲ್ಲ. ತಾಟಿಗೆ ಬಡಿಸಿದರೆ ರೊಟ್ಟಿಯ ಕೆಳಗೆ ಮುಚ್ಚಿಟ್ಟು, ನಾನು ಅತ್ತ ತಿರುಗಿದಾಗ ರೇಖಾಳ ತಾಟಿಗೆ ಸರಿಸುತ್ತಿದ್ದಳು. ಸಿಕ್ಕಿಬಿದ್ದಾಗ, "ನನಗ ತುಂಡು ಸೇರಂಗಿಲ್ಲರಿ, ನಿಮಗ ಗೊತ್ತದಲ್ಲ," ಎಂದಳು.

ಹೌದು, ಗೊತ್ತಿತ್ತು. ಮದುವೆಯಾದಾಗಿನಿಂದ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಷ್ಟು ಕೋಳಿ ಬೆಂದರೂ ಸುಮಿತ್ರಾಳಿಗೆ ಸಾರೇ ಇಷ್ಟ. ನೆಂಟರ ಮುಂದೆ ಇದನ್ನು ನಾನೇ ತಮಾಷೆಯಾಗಿ ಎಷ್ಟೋ ಸಲ ಹೇಳಿದ್ದೇನೆ.

"ಸುಳ್ಳಪ್ಪ," ಎಂದಳು ರೇಖಾ ತಟ್ಟನೆ. "ಎಲ್ಲರದೂ ಊಟ ಆಗೋತನಾ ತುಂಡು ಎಲ್ಲಿ ಉಳೀತದ? ಅವ್ವ ಯಾವತ್ತೂ ಬೋಗಾಣಿ ಒರಸಿ ತಿಂತಾಳ. ನೀ ಎದ್ದು ಹೋಗಿರ್ತಿ, ನಿನಗ ಕಾಣಂಗಿಲ್ಲ."

ಮಗಳ ಮಾತು ಎದೆಗೆ ನಾಟಿತು.

ಸುಮಿತ್ರಾ ತಲೆ ತಗ್ಗಿಸಿದಳು. "ಹಂಗಲ್ಲರಿ. ನಮ್ಮ ಮನ್ಯಾಗ ಅಪ್ಪಗ, ಅಣ್ಣಗೋಳಿಗಿ ಬಡಿಸಿ ನಾನೂ ಅವ್ವನೂ ಸಾರು ಹಚ್ಚಿಕೊಂಡು ತಿಂತಿದ್ವಿ. ಇಲ್ಲಿಗಿ ಬಂದ ಮ್ಯಾಲೂ ಅದೇ ರೂಢಿ. ಈಗ ತುಂಡು ಬಾಯಾಗ ಇಟ್ರ ಯಾರದೋ ತಿಂದಂಗ ಅನಸ್ತದ."

ನಾನು ನಾಚಿದೆ. ಅಷ್ಟೇ ಪ್ರೀತಿಯೂ ಉಕ್ಕಿ ಬಂತು, ಎಂದೂ ಹೇಳಿಕೊಳ್ಳದವನಿಗೆ ಅವತ್ತು ಹೇಳಿಕೊಳ್ಳಬೇಕೆನಿಸಿತು. ಹೇಳಿದೆ ಕೂಡ. "ನೀ ಇಲ್ಲಂದ್ರ ನನ್ನ ಕೈಲಿ ಆಗಂಗಿಲ್ಲ ಸುಮಿ. ನನಗೋಸ್ಕರ ತಿನ್ನು." ರೇಖಾ ಎದುರಿಗಿದ್ದದ್ದೂ ಲಕ್ಷ್ಯಕ್ಕೆ ಬರಲಿಲ್ಲ. ಸುಮಿತ್ರಾ ಸೆರಗು ಬಾಯಿಗೆ ಹಿಡಿದು, "ಹುಡುಗಿ ಮುಂದ ಏನ್ರಿ ನೀವು," ಎಂದಳು. ಆದರೆ ತಿಂದಳು.

ಅವತ್ತಿನಿಂದ ಆಕೆ ಉಣ್ಣುವವರೆಗೂ ನಾವು ಯಾರೂ ತಾಟು ಮುಟ್ಟಲಿಲ್ಲ. ನಾನು ಕುಕ್ಕರ್ ಕೂಗಿಸುವುದನ್ನು ಕಲಿತೆ. ಬೆಂದ ತುಂಡನ್ನು ಎಲುಬಿನಿಂದ ಬಿಡಿಸಿ, ಎಳೆ ಎಳೆ ಮಾಡಿ, ಅದೇ ರಸದಲ್ಲಿ ಜೋಳದ ನುಚ್ಚಿನ ಜೊತೆ ಕಲಸಿ ಕೊಡುತ್ತಿದ್ದೆ. ಒಂದು ಸಲ ಬಾಯಿರುಚಿಗೆಂದು ಕರಿದು ಕೊಟ್ಟೆ. ಡಾಕ್ಟರಮ್ಮ ಹೇಳಿದಂತೆಯೇ ಗುಳಿಗೆ ಸಮೇತ ವಾಂತಿಯಾಯಿತು. ಮತ್ತೆ ಆ ಹುಚ್ಚಾಟ ಮಾಡಲಿಲ್ಲ. ಮೊದಮೊದಲು ಎರಡು ತುತ್ತು. ಆಮೇಲೆ ಅರ್ಧ ಬಟ್ಟಲು. ಮುಂದಿನ ತಿಂಗಳು ಮೂವತ್ತೇಳೂವರೆ. ಅದರ ಮುಂದಿನ ತಿಂಗಳು ನಲವತ್ತು. ಅವತ್ತು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಇಬ್ಬರೂ ಚಹಾ ಕುಡಿದೆವು, ಲಗ್ನವಾದ ಹೊಸತರಲ್ಲಿ ಕುಡಿದಂತೆ, ಸುಮ್ಮನೆ, ಅವಸರವಿಲ್ಲದೆ.

ಕೋರ್ಸ್ ಮುಗಿದು ಈಗ ಮೂರು ವಾರ. ತೂಕ ನಲವತ್ತನಾಲ್ಕು. ಮತ್ತೆ ಕೆಮ್ಮು ಬಂದರೆ ತಕ್ಷಣ ಬನ್ನಿ ಎಂದಿದ್ದಾರೆ ಡಾಕ್ಟರಮ್ಮ. ಆಕೆಗೆ ಒಂದು ಸೀನು ಬಂದರೂ ನಾನು ಬೆಚ್ಚಿ ನೋಡುತ್ತೇನೆ. ಪೂರ್ತಿ ಗೆದ್ದೆವೆಂದು ಹೇಳಲು ಇನ್ನೂ ನಾಲಿಗೆ ಏಳುವುದಿಲ್ಲ. ಆಕೆ ನಡೆದಾಡುತ್ತಾಳೆ, ನನ್ನನ್ನು ಬಯ್ಯುತ್ತಾಳೆ. ನನಗೆ ಅಷ್ಟು ಸಾಕು.

ಹೋದ ಸೋಮವಾರ ನನ್ನ ವಾರದ ರಜೆಯಂದು ಮೂವರೂ, ಆಗಲೇ ಊರಿಗೆ ಮರಳಿದ್ದ ಅತ್ತೆಯನ್ನು ನೋಡಲು ಕಮಲಾಪುರಕ್ಕೆ ಹೋಗಿದ್ದೆವು. ಅತ್ತೆ ಕೋಳಿ ಮಾಡಿದ್ದರು. ಬಡಿಸುವಾಗ ರೂಢಿಯಂತೆ ತೊಡೆಯ ತುಂಡು ನನ್ನ ತಾಟಿನ ಕಡೆಗೆ ಬಂತು, ಅರ್ಧದಲ್ಲಿ ತಡೆಯಿತು, ಆಮೇಲೆ ತಮ್ಮ ಮಗಳ ತಾಟಿಗೆ ಬಿತ್ತು. ಸುಮಿತ್ರಾ ಅದನ್ನು ಮುಟ್ಟಲಿಲ್ಲ. ಎದ್ದುಹೋಗಿ ಇನ್ನೊಂದು ತಾಟು ತಂದು ತನ್ನ ಪಕ್ಕದಲ್ಲಿಟ್ಟಳು.

"ನೀ ಕೂಡವ್ವ."

"ನೀವೆಲ್ಲಾ ಉಣ್ರಿ. ನನಗೇನು, ಆಮ್ಯಾಲೆ ಸಾರು ಹಚ್ಚಿಕೊಂಡು ತಿಂತೀನಿ. ನನಗ ಹಲ್ಲರ ಎಲ್ಲವ?"

"ಕೂಡು ಅಂದೆ."

ಅತ್ತೆ ಕೂತರು. ನನ್ನೆದುರು ಅವರು ಊಟಕ್ಕೆ ಕೂತದ್ದು ಅದೇ ಮೊದಲು. ಸುಮಿತ್ರಾ ತೊಡೆಯ ಮಾಂಸವನ್ನು ಎಲುಬಿನಿಂದ ಬಿಡಿಸಿ, ಎಳೆ ಎಳೆ ಮಾಡಿ, ತಾಯಿಯ ತಾಟಿಗೆ ಹಾಕಿದಳು. ಅತ್ತೆ ಸೆರಗು ಸರಿಮಾಡಿಕೊಂಡು ಒಂದೆಳೆ ಬಾಯಿಗಿಟ್ಟರು. ಇದ್ದ ನಾಲ್ಕು ಹಲ್ಲಿನಲ್ಲಿ ಮೆಲ್ಲಗೆ ಅಗಿದರು. ಐವತ್ತು ವರ್ಷ ಆ ತುಂಡನ್ನು ಬೇಯಿಸಿ, ಹುರಿದು, ಮಂದಿಗೆ ಬಡಿಸಿದ ಹೆಂಗಸು ಮಗಳ ಮುಖ ನೋಡಿ ಕೇಳಿದರು:

"ಇದು ಇಷ್ಟು ಮೆತ್ತಗ ಇರ್ತದೇನ?"

ರೇಖಾ ಬೋಗಾಣಿ ಹತ್ತಿರ ಎಳೆದು, ಅಜ್ಜಿಗೆ ಇನ್ನೊಂದು ತುಂಡು ಬಡಿಸಿದಳು.